ಮೌಸಿನ ಹೊಟ್ಟೆಗೆ ವಿಭೂತಿ

ಹರಿಹರದ ಅಳಿಯಂದಿರು ಏನೇ ಹೇಳಲಿ, ಆ ಮೌಸು ಕೆಟ್ಟಿರಲಿಲ್ಲ. ನಾನು ಅದರ ಕಣ್ಣಿಗೆ ವಿಭೂತಿ ಮೆತ್ತಿದ್ದೆ, ಅಷ್ಟೇ. ಮನೆಗೆ ಹೊಸದೇನೇ ಬರಲಿ, ವಿಭೂತಿ ಹಚ್ಚದೆ ಅದನ್ನು ಮುಟ್ಟಗೊಡುವವಳಲ್ಲ ನಾನು. ಮಿಕ್ಸಿಗೂ ಹಚ್ಚಿದ್ದೆ, ಗ್ಯಾಸ್ ಒಲೆಗೂ ಹಚ್ಚಿದ್ದೆ. ಇವತ್ತಿಗೂ ತಕರಾರಿಲ್ಲದೆ ದುಡಿಯುತ್ತಿವೆ. ಅವುಗಳಿಗೆ ಹೊಟ್ಟೆಯಲ್ಲಿ ಕಣ್ಣಿಲ್ಲ. ಮೌಸಿಗೆ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಸೊಸೆ ಗಿರಿಜಾ ವಿನೋಬನಗರದ ನಮ್ಮ ಮನೆಯ ಪಡಸಾಲೆಯಲ್ಲೇ ಲಗ್ನಪತ್ರಿಕೆ ಕಂಪೋಸ್ ಮಾಡಿಕೊಡಲು ಕಂಪ್ಯೂಟರ್ ಇಟ್ಟಿದ್ದಳು. ಮೊದಲ ಗಿರಾಕಿ ಮಾಯಕೊಂಡದವರು. ಸಂಜೆಗೆ ಬರುತ್ತಾರೆ, ಪತ್ರಿಕೆ ಸಿದ್ಧವಿಲ್ಲದಿದ್ದರೆ ಬೇರೆ ಅಂಗಡಿಗೆ ಹೋಗುತ್ತಾರೆ. ಅವತ್ತೇ ಬೆಳಿಗ್ಗೆ ವೈರಿಲ್ಲದ ಕೀಬೋರ್ಡು, ಮೌಸು ಬಂದವು. ವೈರಿದ್ದರೆ ಎಲ್ಲಿಗೆ ಕಟ್ಟಿದೆ ಎಂದಾದರೂ ಕಾಣುತ್ತದೆ. ಇವು ಹಗ್ಗ ಬಿಚ್ಚಿದ ಎಮ್ಮೆಯ ಹಾಗೆ. ವಿಭೂತಿ ತಂದೆ. "ಅತ್ತೆ, ಮ್ಯಾಲೆ ಹಚ್ಚಬ್ಯಾಡ್ರಿ, ಬಂದವರಿಗೆ ಕಾಣತೈತೆ" ಎಂದಳು. ಸರಿ, ತಿರುಗಿಸಿ ಹೊಟ್ಟೆಗೆ ಹಚ್ಚಿದೆ. ಒಣ ವಿಭೂತಿ ನಿಲ್ಲುವುದಿಲ್ಲವೆಂದು ನೀರಲ್ಲಿ ಕಲಸಿ, ಧಾರಾಳವಾಗಿ.

ಕೀಬೋರ್ಡು ಅಕ್ಷರ ಹೊಡೆಯಿತು. ಮೌಸು ಟಕ್ ಟಕ್ ಎಂದಿತೇ ಹೊರತು ಪರದೆಯ ಬಾಣ ಅಲ್ಲಾಡಲಿಲ್ಲ. ಗಿರಿಜಾಳ ಮುಖ ಸಣ್ಣಗಾಯಿತು. ಊಟಕ್ಕೆ ಬಂದಿದ್ದ ಅಳಿಯಂದಿರು ಅಂಗಿಯ ತೋಳು ಮಡಿಸಿದರು. ಗುತ್ತೂರಿನ ಹತ್ತಿರದ ಫ್ಯಾಕ್ಟರಿಯಲ್ಲಿ ಆನೆಯಂಥ ಮಷೀನು ನಡೆಸುವವರು. ಉಗುರಿನಷ್ಟಿದ್ದ ರಿಸೀವರನ್ನು ಕಂಪ್ಯೂಟರಿನ ಮುಂದೆ ಚುಚ್ಚಿದರು, ಹಿಂದೆ ಚುಚ್ಚಿದರು, ಮೌಸಿನ ಸೆಲ್ ಬದಲಿಸಿದರು.

"ಕನೆಕ್ಷನ್ನೇ ಆಗವಲ್ದು. ಪೀಸ್ ಡಿಫೆಕ್ಟ್ ಐತೆ" ಎಂದರು.

"ವಿಭೂತಿ ಹಚ್ಚೀನಲ್ರಿ, ಡಿಫೆಕ್ಟ್ ಹೆಂಗಾಗತೈತೆ?" ಎಂದೆ.

"ಅತ್ತೆ, ಇದು ಟೆಕ್ನಿಕಲ್. ನೀವು ಸುಮ್ನೆ ಕೂಡ್ರಿ."

ಕೂತೆ.

ಮೌಸಿನ ಹೊಟ್ಟೆಗೆ ಬೆರಳು ಕೊಟ್ಟು ಹಿಡಿದು, ಬೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಅವರಿಗೆ ಬೆವರು ಬಂತು. ಅದೇ ಬೆರಳುಗಳಿಂದ ಹಣೆ ಒರೆಸಿಕೊಂಡರು. ನಾನು ಎಷ್ಟು ಕರೆದರೂ ದೇವರ ಮನೆಗೆ ಕಾಲಿಡದ ಅಳಿಯಂದಿರ ಹಣೆಯ ಮೇಲೆ ಮೂರು ಬಿಳಿ ಗೆರೆ! ಗಿರಿಜಾ ಅವರ ಹಣೆ ನೋಡಿದಳು, ಕೈ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮೌಸನ್ನು ಕಸಿದುಕೊಂಡು ಸೆರಗಿನಿಂದ ಅದರ ಹೊಟ್ಟೆ ಒರೆಸಿದಳು. ಕೆಂಪು ದೀಪ ಕಣ್ಣು ಬಿಟ್ಟಿತು, ಬಾಣ ಓಡಿತು.

"ಅತ್ತೆ, ಕೈ ಮುಗೀತೀನಿ, ಇನ್ನ ಇದಕ್ಕ ಏನೂ ಹಚ್ಚಬ್ಯಾಡ್ರಿ."

ಮಾಯಕೊಂಡದವರು ಬರುವ ಹೊತ್ತಿಗೆ ಪತ್ರಿಕೆ ಸಿದ್ಧವಾಗಿತ್ತು. ಅವರು ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಅಳಿಯಂದಿರ ಹಣೆ ನೋಡಿ, "ಆಚಾರವಂತ ಮಂದಿ" ಎಂದು ಮೆಚ್ಚಿ, ತಂಗಿಯ ಮಗನ ಪತ್ರಿಕೆಯನ್ನೂ ಗಿರಿಜಾಳಿಗೇ ಒಪ್ಪಿಸಿ ಹೋದರು. ಹಣೆಯ ವಿಷಯ ಅಳಿಯಂದಿರಿಗೆ ಯಾರೂ ಹೇಳಿರಲಿಲ್ಲ. ನಾನಂತೂ ಸುಮ್ಮನೆ ಕೂತಿದ್ದೆ, ಅವರೇ ಹೇಳಿದ್ದರಲ್ಲ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಹಿಡಿದು ಪಡಸಾಲೆಗೆ ಬಂದೆ. ಸೊಸೆ ಮೌಸನ್ನು ಎದೆಗವಚಿಕೊಂಡಳು. ನಾನೇನು ಅಷ್ಟು ದಡ್ಡಿಯಲ್ಲ. ಮೌಸು ಬಂದಿದ್ದ ಖಾಲಿ ಡಬ್ಬಿಗೆ ಮೂರು ಬೆರಳು ವಿಭೂತಿ ಬಳಿದು, ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟೆ.