ಗಣಿತ ಮಾಸ್ಟ್ರ ಎಂಬಿಎ ಕೋಚಿಂಗ್

ಮರ್ಯಾದೆ ಹೋಗಲು ನನಗೆ ವಿಶೇಷ ಸಂದರ್ಭವೇನೂ ಬೇಡ, ಭಾನುವಾರ ಬಂದರೆ ಸಾಕು. ಕಡಬದ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಗಣಿತ ಮಾಸ್ಟ್ರು. ನಲವತ್ತು ಹತ್ತಿರವಾದಾಗ ಎಂಬಿಎ ಮಾಡುವ ಆಸೆ ಹುಟ್ಟಿತು. ಪ್ರವೇಶ ಪರೀಕ್ಷೆಯ ತಯಾರಿಗೆಂದು ಪ್ರತಿ ಭಾನುವಾರ ಪುತ್ತೂರಿನ ಕೋಚಿಂಗ್ ಸೆಂಟರಿಗೆ ಕದ್ದು ಹೋಗತೊಡಗಿದೆ. ಶಾಲೆಗೆ ಸುದ್ದಿ ಮುಟ್ಟಬಾರದಿತ್ತು. ಲೆಕ್ಕದ ಮಾಸ್ಟ್ರೇ ಲೆಕ್ಕದಲ್ಲಿ ಫೇಲಾದರೆ ಮಕ್ಕಳೆದುರು ಚಾಕ್‌ಪೀಸು ಹಿಡಿಯುವುದು ಹೇಗೆ?

೧. ಗುಡ್ ಮಾರ್ನಿಂಗ್

ಮೊದಲ ದಿನವೇ ಬಸ್ಸು ತಡ. ಒಳಗೆ ಕಾಲಿಟ್ಟದ್ದೇ, ಡಿಗ್ರಿ ಮಕ್ಕಳೆಲ್ಲ ಎದ್ದು "ಗುಡ್ ಮಾರ್ನಿಂಗ್ ಸರ್" ಅಂದರು. ಅಭ್ಯಾಸ ಬಲ ನೋಡಿ, "ಸಿಟ್ ಡೌನ್" ಅಂದುಬಿಟ್ಟೆ. ಅವರು ಕೂತು ಪುಸ್ತಕ ತೆರೆದರು. ಬೋರ್ಡಿನೆದುರು ಸ್ವಲ್ಪ ಹೊತ್ತು ಒದ್ದಾಡಿ, ಬೇರೆ ದಾರಿ ಕಾಣದೆ ಹಿಂದಿನ ಬೆಂಚಿಗೆ ನಡೆದೆ. ಪಕ್ಕದವ ಮೆಲ್ಲಗೆ ಕೇಳಿದ, "ಇನ್‌ಸ್ಪೆಕ್ಷನ್‌ಗೆ ಬಂದದ್ದಾ ಸರ್?"

"ಹೌದು" ಅಂದೆ.

೨. ಸ್ಟೆಪ್ಸ್

ಮೊದಲ ಮಾದರಿ ಪರೀಕ್ಷೆಯಲ್ಲಿ ಪ್ರತಿ ಲೆಕ್ಕಕ್ಕೂ ದತ್ತ, ಸೂತ್ರ ಎಲ್ಲ ಬರೆದು, ಉತ್ತರದ ಕೆಳಗೆ ಗೆರೆ ಎಳೆದೆ. ಪುಟ ತಿರುಗಿಸುವ ಮೊದಲೇ ಬೆಲ್ಲಾಯಿತು. ಪಕ್ಕದಲ್ಲಿ ನನ್ನ ಹಳೆ ವಿದ್ಯಾರ್ಥಿನಿ ಎಲ್ಲ ಮುಗಿಸಿ ಕೂತಿದ್ದಳು. ಸ್ಟೆಪ್ಸ್ ಬರೆಯುವುದಿಲ್ಲವೆಂದು ಹತ್ತನೇ ಕ್ಲಾಸಿನಲ್ಲಿ ನಾನು ಮಾರ್ಕು ಕತ್ತರಿಸಿದ ಹುಡುಗಿ.

"ಇಲ್ಲಿ ಸ್ಟೆಪ್ಸಿಗೆ ಮಾರ್ಕ್ ಇಲ್ಲ ಸರ್. ಮನಸ್ಸಲ್ಲೇ ಮಾಡುದು."

"ಶಾಲೆಯಲ್ಲಿ ಯಾರಿಗೂ ಹೇಳ್ಬೇಡ ಮಾರಾಯ್ತಿ" ಅಂದೆ.

"ಇಲ್ಲ ಸರ್, ನನಗೂ ಮರ್ಯಾದೆ ಉಂಟು. ಲೆಕ್ಕ ಕಲಿಸಿದ್ದು ನೀವೇ ಅಂತ ಇಲ್ಲಿ ಎಲ್ಲರಿಗೂ ಹೇಳಿ ಆಗಿದೆ."

೩. ಹೆತ್ತವರ ಸಭೆ

ಸೇರುವಾಗ ಮನೆಯವರ ನಂಬರ್ ಕೇಳಿದ್ದರು, ಅಪ್ಪನದ್ದು ಕೊಟ್ಟಿದ್ದೆ. ಮಾರ್ಕು ಕಡಿಮೆಯಾದರೆ ಮನೆಗೆ ಫೋನು ಹೋಗುತ್ತದೆಂದು ನನಗೇನು ಗೊತ್ತು? ಮುಂದಿನ ಭಾನುವಾರ ನಮ್ಮೂರು ಪೆರಾಬೆಯಿಂದ ಅಪ್ಪ ಇಸ್ತ್ರಿ ಹಾಕಿದ ಅಂಗಿಯಲ್ಲಿ ಹಾಜರು. ಮುಂದಿನ ಬೆಂಚಿನಲ್ಲಿ ನನ್ನ ಗುರುತಿನ ಇನ್ನೊಬ್ಬ ತಂದೆ ಕೂತಿದ್ದರು. ಅವರ ಚಿಕ್ಕ ಮಗ ಶಾಲೆಯಲ್ಲಿ ನನ್ನದೇ ಕ್ಲಾಸಿನವನು.

ನನಗಿಂತ ಪ್ರಾಯದಲ್ಲಿ ಚಿಕ್ಕವರಾದ ಕೋಚಿಂಗ್ ಸರ್ ಅಪ್ಪನಿಗೆ ಹೇಳಿದರು, "ಹುಡುಗ ಪಾಪ, ಆದ್ರೆ ಗಮನ ಇಲ್ಲ. ಮನೆಯಲ್ಲಿ ಸ್ವಲ್ಪ ಜೋರು ಮಾಡ್ಬೇಕು." ಪ್ರತಿ ವರ್ಷ ನಾನು ಹೆತ್ತವರಿಗೆ ಹೇಳುವ ಮಾತು ಇದೇ. ಮುಂದಿನ ಬೆಂಚಿನವರು ಪೂರ್ತಿ ತಿರುಗಿ ಕೂತರು.

ಅಪ್ಪ ಕೈಮುಗಿದರು. "ಶಾಲೆಗೆ ಹೋಗುವಾಗಲೂ ಇವ ಹೀಗೆಯೇ ಮಾರಾಯ್ರೆ. ಈಗ ಹೊಡೆಯುವ ಪ್ರಾಯ ದಾಟಿತು. ಇವನ ಹೆಂಡತಿಗೆ ಹೇಳಿ ನೋಡ್ತೇನೆ."