ಏಕಾದಶಿಗೆ ಬಂದ ಜರ್ಮನ್ ಬಟಾಟಿ ಉಂಡಿ

ಕೆಲವರಿಗೆ ಕ್ರಿಕೆಟ್ ಹುಚ್ಚು ಇರ್ತದ. ಕೆಲವರಿಗೆ ಗುಡ್ಡ ಹತ್ತೋ ಹುಚ್ಚು, ಮಳಿ ಶುರು ಆತಂದ್ರ ಲೋಣಾವಳಾ ಕಡೆ ಓಡ್ತಾರ. ಅವರನ್ನ ಮಂದಿ ಅರ್ಥ ಮಾಡ್ಕೋತಾರ. ನನ್ನ ಹುಚ್ಚಿನ ಸುದ್ದಿ ತಗದ್ರ ಮಾತ್ರ ಮೊದಲ ಮುಖ ನೋಡ್ತಾರ, ಆಮ್ಯಾಲ ಪಲ್ಲವಿ, ಆರಾಮ ಇದ್ದೀಯಲ್ಲ ಅಂತ ಕೇಳ್ತಾರ. ನನಗ ಜರ್ಮನಿಯ ಹಳೇ ಕಾಲದ ಮನಿ ಅಡಿಗಿ ಹುಚ್ಚು. ನಾನು ಜರ್ಮನಿ ನೋಡಿಲ್ಲ, ನನ್ನ ಹತ್ರ ಪಾಸ್‌ಪೋರ್ಟೂ ಇಲ್ಲ. ಆ ಭಾಷಾದಾಗ ನನಗ ಬರೋವು ಬರೇ ತಿನ್ನೋ ಪದಾರ್ಥದ ಹೆಸರು. ನನ್ನ ಒಯ್ದು ಅಲ್ಲಿ ಬಿಟ್ರ ದಾರಿ ಕೇಳಲಿಕ್ಕೆ ಬರೂದಿಲ್ಲ, ಆದ್ರ ಹೊಟ್ಟಿ ತುಂಬಿಸ್ಕೋತೀನಿ.

ಇದು ಹೆಂಗ ಶುರು ಆತಪಾ ಅಂದ್ರ, ನಾನು ಪುಣೆ ಹತ್ರ ಭೋಸರಿಯೊಳಗ ಒಂದು ಮಶೀನ್ ಪಾರ್ಟ್ ಮಾಡೋ ಕಂಪನಿಯ ಖರೀದಿ ವಿಭಾಗದಾಗ ಕೆಲಸ ಮಾಡ್ತೀನಿ. ನಮ್ಮಲ್ಲಿ ಜರ್ಮನಿಯಿಂದ ಬಂದ ಹಳೇ ಮಶೀನ್ ಅವ. ಪ್ರತಿಯೊಂದರ ಮ್ಯಾಲ ಒಂದು ಸಣ್ಣ ತಗಡು, ಅದರಾಗ ತಯಾರಾದ ಊರಿನ ಹೆಸರು. ಒಂದ್ಸಲ ಊಟದ ಬಿಡುವಿನಾಗ ಸುಮ್ನ ಕೂತಾಗ ಒಂದು ಊರಿನ ಹೆಸರು ಮೊಬೈಲಿನಾಗ ಹಾಕಿ, ಈ ಊರಿನ ಮಂದಿ ಏನು ತಿಂತಾರ ಅಂತ ನೋಡಿದೆ. ಅಷ್ಟ. ಆವತ್ತಿನಿಂದ ಮಶೀನ್ ನೋಡಿದ್ರ ನನಗ ಬಾಯಾಗ ನೀರು ಬರ್ತದ.

ನಾನೂ ಮೊದಲ ಜರ್ಮನ್ ಅಡಿಗಿ ಅಂದ್ರ ಮಾಂಸ, ಬೀರು, ಮುಗೀತು ಅಂತ ತಿಳದಿದ್ದೆ. ಹಂಗಲ್ಲ ಅದು. ನಮ್ಮಲ್ಲಿ ಧಾರವಾಡದ ಎಣ್ಣಿಗಾಯಿ ಬ್ಯಾರೆ, ಬೆಳಗಾವಿದ್ದು ಬ್ಯಾರೆ ಅಂತ ಮದುವಿ ಪಂಕ್ತಿಯೊಳಗ ವಾದ ಮಾಡ್ತಾರಲ್ಲ, ಅಲ್ಲೂ ಹಂಗ, ಸೀಮಿ ದಾಟಿದ್ರ ಅಡಿಗಿ ಬದಲು. ಶ್ವಾಬಿಯಾ ಕಡೆ ನಮ್ಮ ಶಾವಿಗಿ ಒತ್ತಿನಂಥಾದ್ರಾಗ ಹಿಟ್ಟು ಹಾಕಿ ಸೀದಾ ಕುದಿಯೋ ನೀರಿಗೆ ಒತ್ತತಾರ. ಬವೇರಿಯಾದಾಗ ಒಣಗಿ ಕಲ್ಲಾದ ಬ್ರೆಡ್ ಒಗಿಯೂದಿಲ್ಲ, ಹಾಲಿನಾಗ ನೆನಸಿ ಉಂಡಿ ಕಟ್ಟಿ ಬೇಯಸ್ತಾರ. ಇದನ್ನ ಓದಿದಾಗ ನನಗ ತಂಗಳ ಚಪಾತಿ ಮುರದು ಒಗ್ಗರಣಿ ಹಾಕೋ ನಮ್ಮ ಹೆಣ್ಮಕ್ಕಳು ನೆನಪಾಗಿ ಭಾಳ ಪ್ರೀತಿ ಬಂತು. ರೈನ್ ನದಿ ಕಡೆ ಬಟಾಟಿ ಹಿಸುಕಿ, ಸೇಬು ಹಿಸುಕಿ ಒಂದ ತಾಟಿನಾಗ ಬಡಸ್ತಾರ. ಅದಕ್ಕ ಅವರು ಇಟ್ಟ ಹೆಸರಿನ ಅರ್ಥ ಸ್ವರ್ಗ ಮತ್ತು ಭೂಮಿ. ಸೇಬು ಮ್ಯಾಲ ಗಿಡದಾಗ, ಬಟಾಟಿ ಕೆಳಗ ಮಣ್ಣಾಗ. ಬರೇ ಬಟಾಟಿ ಪಲ್ಯಾಕ್ಕ ಇಷ್ಟು ದೊಡ್ಡ ಹೆಸರು ಇಡೋ ಮಂದಿ ಸಾಮಾನ್ಯ ಅಲ್ಲ.

ಸಮಸ್ಯೆ ಏನಂದ್ರ ನಾನಿರೋದು ಕಾಕಾನ ಮನಿಯೊಳಗ. ಅಡಿಗಿಮನಿ ಅವರ ಹೆಂಡತಿ, ನಮ್ಮ ಕಾಕೂಂದು. ಅಲ್ಲಿ ತತ್ತಿ ಬರಂಗಿಲ್ಲ, ಮಾಂಸದ ಮಾತೂ ಬರಂಗಿಲ್ಲ. ಹಿಂಗಾಗಿ ನನ್ನ ವಿದ್ಯೆ ಬಹುತೇಕ ಬಾಯಾಗ ಉಳೀತು. ಒಂದ್ಸಲ ಧೈರ್ಯ ಮಾಡಿ ಕ್ಯಾಬೀಜ್ ಹೆಚ್ಚಿ, ಉಪ್ಪು ತಿಕ್ಕಿ, ಬರಣಿಯೊಳಗ ಹುಳಿ ಬರಲಿಕ್ಕೆ ಇಟ್ಟಿದ್ದೆ. ಅವರ ಪ್ರಖ್ಯಾತ ಉಪ್ಪಿನಕಾಯಿ ಅದು. ಅದು ಛಲೋ ಹುಳಿ ಬಂದು ಮನಿ ತುಂಬ ವಾಸನಿ ಹೊಡದ ದಿವಸ ಕಾಕಾ ಪ್ಲಂಬರ್‌ನ ಕರಕೊಂಡು ಬಂದ್ರು. ಅಂವ ಪಾಪ ಮೋರಿ ಎಲ್ಲಾ ಬಿಚ್ಚಿ ನೋಡಿ, "ಸಗಳ ಠೀಕ್ ಆಹೆ", ಎಲ್ಲಾ ಸರಿ ಅದ, ಅಂತ ಮರಾಠಿಯೊಳಗ ಹೇಳಿ ಹೋದ.

ಹಿಂಗಿರೋವಾಗ ಡೀಟರ್ ಸಾಹೇಬ್ರು ಬಂದ್ರು. ಹೊಸ ಮಶೀನ್ ಕೂಡ್ರಸಲಿಕ್ಕೆ ಜರ್ಮನಿಯಿಂದ ಕಂಪನಿಗೆ ಬಂದ ಇಂಜಿನಿಯರು, ವಯಸ್ಸಾದವರು, ಎತ್ತರ, ಮಾತು ಕಡಿಮಿ. ಅವರು ಥ್ಯೂರಿಂಗಿಯಾ ಸೀಮಿಯವರು ಅಂತ ಗೊತ್ತಾದ ಕೂಡ್ಲೆ ನಾನು ಹೋಗಿ, "ಸರ್, ನಿಮ್ಮ ಕಡೆ ರವಿವಾರ ಕ್ಲ್ಯೋಸ ಮಾಡ್ತಾರಲ್ರಿ" ಅಂತ ಇಂಗ್ಲಿಷಿನಾಗ ಕೇಳಿದೆ. ಕ್ಲ್ಯೋಸ ಅಂದ್ರ ಬಟಾಟಿ ಉಂಡಿ. ಹಸಿ ಬಟಾಟಿ ಹೆರದು, ಅರಿವಿಯೊಳಗ ಹಿಂಡಿ, ಬೇಯಿಸಿದ ಬಟಾಟಿ ಬಿಸಿಬಿಸಿ ಸುರುವಿ ನಾದಿ, ನಡುವ ತುಪ್ಪದಾಗ ಹುರಿದ ಬ್ರೆಡ್ ತುಂಡು ಇಟ್ಟು, ಬಿಸಿ ನೀರಿನಾಗ ಬಿಡೋದು. ಅವರು ನಟ್ಟು ಬಿಗಿಯೋ ಪಾನಾ ಕೆಳಗ ಇಟ್ಟು ನನ್ನ ನೋಡಿದ್ರು. ಆಮ್ಯಾಲ ನಾವಿಬ್ಬರೂ ದಿನಾ ಚಹಾದ ಹೊತ್ತಿನಾಗ ಬಟಾಟಿ ಬಗ್ಗೆ ಮಾತಾಡ್ತಿದ್ವಿ. ಕೆಲಸ ಮುಗಿಸಿ ತಿರುಗಿ ಊರಿಗೆ ಹೋಗೋ ವಾರ ಬಂದಾಗ ಅವರು, ಪುಣೆಗೆ ಬಂದ ಮ್ಯಾಲ ಎಲ್ಲಾ ತಿಂದೆ, ಅದೊಂದು ಸಿಗಲಿಲ್ಲ ಅಂದ್ರು. ನಾನು ಹಿಂದ ಮುಂದ ನೋಡದ, "ರವಿವಾರ ನಮ್ಮನಿಗೆ ಬರ್ರಿ, ಮಾಡ್ತೀನಿ" ಅಂದುಬಿಟ್ಟೆ. ಇಡೀ ಆಫೀಸಿಗೆ ಕೇಳಿಸ್ತು. ನಾನು ಇಷ್ಟು ದಿನ ಹೇಳಿದ್ದೆಲ್ಲಾ ಬರೇ ಬಾಯಿಮಾತೋ ಏನೋ ಅನ್ನೋದು ಆ ಉಂಡಿಯ ಮ್ಯಾಲ ನಿಂತಿತ್ತು. ಜೀವನದಾಗ ಒಂದ್ಸಲಾನೂ ಮಾಡಿರಲಿಲ್ಲ.

ಕಾಕೂನ ಮುಂದ ಹೇಳಿದೆ. "ರವಿವಾರ ಏಕಾದಶಿ" ಅಂದ್ಲು. ಏಕಾದಶಿ ಅಂದ್ರ ಮನಿಯೊಳಗ ಉಪಾಸ. "ಅದರಾಗ ಏನೇನು ಹಾಕ್ತಾರ?" ಅಂತ ಕೇಳಿದ್ಲು. ಬಟಾಟಿ, ಉಪ್ಪು ಅಂದೆ. "ಮತ್ತ?" ಮತ್ತೇನಿಲ್ಲ, ನಡುವ ಬ್ರೆಡ್ ಅಂದೆ.

"ಬ್ರೆಡ್ ಬಿಟ್ರ ಪೂರಾ ಉಪಾಸದ್ದ ಅದಲ್ಲ. ಶಾಣ್ಯಾ ಮಂದಿ ಇದ್ದಾರ ಬಿಡು. ನನ್ನವಕ್ಕ ಶೇಂಗಾ ತುಂಬೂಣು."

ಜರ್ಮನ್ ಅಡಿಗಿಗೆ ನಮ್ಮ ಮನಿಯೊಳಗ ಸಿಕ್ಕ ಮೊದಲನೇ ಮರ್ಯಾದಿ ಅದು.

ರವಿವಾರ ಮುಂಜಾನೆ ನಾನ ಬಟಾಟಿ ಹೆರದು ನೀರಾಗ ಹಾಕಿಟ್ಟೆ. ಈ ಅಡಿಗಿಯ ಜೀವ ಆ ನೀರಿನಾಗ ಅದ. ನೀರು ತಿಳಿ ಆದ ಮ್ಯಾಲ ಕೆಳಗ ಬೆಳ್ಳಗ ಬಟಾಟಿ ಸತ್ವ ಕೂಡತದ, ಅದನ್ನ ತಿರುಗಿ ಹಿಟ್ಟಿಗೆ ಹಾಕಬೇಕು, ಆವಾಗ ಉಂಡಿ ಒಡಿಯೂದಿಲ್ಲ. ಪಾತೇಲಿ ಮುಚ್ಚಿಟ್ಟು ಸಾಹೇಬ್ರನ್ನ ಹೊಟೇಲಿನಿಂದ ಕರಕೊಂಡು ಬರಲಿಕ್ಕೆ ಹೋದೆ. ಬಂದು ನೋಡ್ತೀನಿ, ಬಟಾಟಿ ನೀರು ಸೋಸೋ ಜಾಳಗಿಯೊಳಗ ಮುತ್ತಿನಂಗ ಹೊಳೀಲಿಕ್ಕತ್ತದ.

"ನಿನಗ ಕೆಲಸ ಕಡಿಮಿ ಆಗ್ಲಿ ಅಂತ ನಾಕು ನೀರಾಗ ತೊಳದಿಟ್ಟೀನಿ" ಅಂದ್ಲು ಕಾಕು. "ಎಷ್ಟು ಹಿಟ್ಟು ಬಿಟ್ಟಿತ್ತು ಅಂತಿ. ತೊಳೀಲಿಲ್ಲಂದ್ರ ಎಲ್ಲಾ ಅಂಟಕೋತದ."

ಅಂಟಕೋಬೇಕಾಗಿತ್ತು. ಆದ್ರ ಬಟಾಟಿ ಚಿವಡಾ ಮಾಡಿ ಕೈ ಪಳಗಿದ ಮನಿಯೊಳಗ ಹೆರದ ಬಟಾಟಿ ಕಂಡ್ರ ತೊಳೀಬೇಕು ಅನ್ನೋದು ಉಸಿರಾಡಿದಷ್ಟು ಸಹಜ. ಸತ್ವ ಎಲ್ಲಾ ಮೋರಿಗೆ ಹೋಗಿತ್ತು. ಸಾಹೇಬ್ರು ಅಡಿಗಿಮನಿ ಬಾಗಿಲದಾಗ ನಿಂತಿದ್ರು. ದೇವರ ಹೆಸರು ತಗೊಂಡು ಒಂದು ಉಂಡಿ ಕಟ್ಟಿ ಬಿಸಿ ನೀರಿಗೆ ಬಿಟ್ಟೆ. ಉಂಡಿ ಕರಗಿ ಮಾಯ ಆತು. ನಡುವ ಇಟ್ಟಿದ್ದ ಬ್ರೆಡ್ ತುಂಡು ಒಂದ ತೇಲಿಕೋತ ಮ್ಯಾಲ ಬಂತು. ಪಡಸಾಲಿಯೊಳಗ ಕೂತಿದ್ದ ಕಾಕಾ ಹಣಿಕಿ ಹಾಕಿ, "ಇದಕ್ಕ ಚಮಚ ಕೊಡ್ತೀಯೋ, ಗ್ಲಾಸ್ ಕೊಡ್ತೀಯೋ?" ಅಂದ್ರು.

ನನ್ನ ಕಣ್ಣಾಗ ನೀರು ಬರೋದೊಂದು ಬಾಕಿ. ಕಾಕು ಪಾತೇಲಿ ನೋಡಿದ್ಲು, ನನ್ನ ಮುಖ ನೋಡಿದ್ಲು. "ಬಿಗಿ ಬೇಕೇನು? ಮೊದಲ ಹೇಳಬಾರದೇನು ನಮ್ಮವ್ವಾ" ಅಂದಾಕಿನ ಸಾಬೂದಾಣಿ ಹುರದು, ಮಿಕ್ಸರಿಗೆ ಹಾಕಿ ಹಿಟ್ಟು ಮಾಡಿ, ಬಟಾಟಿಯೊಳಗ ಸುರುವಿ ನಾದಲಿಕ್ಕೆ ನಿಂತ್ಲು. ಕೈ ತನ್ನ ರೂಢಿಯಂಗ ಜೀರಗಿನೂ ಹಾಕ್ತು, ಹಸಿಮೆಣಸಿನಕಾಯಿನೂ ಹಾಕ್ತು. ನಾನು "ಕಾಕು, ಅದು ಥ್ಯೂರಿಂಗಿಯಾದ್ದು" ಅನ್ನೂದ್ರಾಗ ಒಂದಿಷ್ಟು ಶೇಂಗಾ ಪುಡಿನೂ ಬಿತ್ತು. ಈ ಸಲ ಉಂಡಿ ಮುಳುಗ್ತು, ಸ್ವಲ್ಪ ಹೊತ್ತು ವಿಚಾರ ಮಾಡ್ತು, ಆಮ್ಯಾಲ ದುಂಡಗ ತೇಲಿ ಮ್ಯಾಲ ಬಂತು.

ತಾಟಿನಾಗ ಬಡಿಸಿದೆ. ಸಾಹೇಬ್ರಿಗೆ ಅಂತ ನಾನು ಮಾಡಿದ್ದ ಅಣಬಿ ಸಾರು ಒಂದು ಕಡೆ, ಕಾಕೂನ ಕೆನಿ ಮೊಸರು ಇನ್ನೊಂದು ಕಡೆ. ಅವರ ಕಡೆ ಉಂಡಿ ಚಾಕುವಿನಿಂದ ಕೊಯ್ಯಂಗಿಲ್ಲ, ಎರಡು ಫೋರ್ಕ್ ಹಚ್ಚಿ ಬಿಡಸಬೇಕು. ಸಾಹೇಬ್ರು ಹಂಗ ಬಿಡಿಸಿ, ಒಂದು ತುತ್ತು ತಿಂದು, ಭಾಳ ಹೊತ್ತು ಅಗದ್ರು. ಅವರ ಕಿವಿ ಕೆಂಪಾತು.

"ಪಲ್ಲವಿ, ಇದು ಕ್ಲ್ಯೋಸ ಅಲ್ಲ" ಅಂದ್ರು.

ಜರ್ಮನ್ ಮಂದಿ ಸುಳ್ಳು ಹೇಳೂದಿಲ್ಲ ಅಂತ ಕೇಳಿದ್ದೆ, ಆವತ್ತು ಒಂದೀಟು ಹೇಳಿದ್ರ ಏನು ಗಂಟು ಹೋಗ್ತಿತ್ತು ಅನಿಸ್ತು. ಅಷ್ಟರಾಗ ಅವರು ಎರಡನೇದಕ್ಕ ಕೈ ಹಾಕಿದ್ರು, ಮೊಸರು ಹಾಕ್ಕೊಂಡ್ರು, ಮೂರನೇದು ತಗೊಂಡ್ರು. "ಆದ್ರ ಇದಕ್ಕ ಏನಂತಾರ?" ಅಂತ ಕೇಳಿದ್ರು. ನಾನು ಅದನ್ನ ಕಾಕೂಗ ಕನ್ನಡದಾಗ ಹೇಳಿ ಹೆಸರು ಹುಡುಕೋದ್ರಾಗ ಆಕಿ, "ಏಕಾದಶಿ ಅನ್ರಿ" ಅಂದ್ಲು.

ಅವರು ಊರಿಗೆ ಹೋಗಿ ಕೆಲವು ತಿಂಗಳಾತು. ಅಲ್ಲಿ ಯಾವುದೋ ಭಾರತೀಯ ಅಂಗಡಿಯೊಳಗ ಸಾಬೂದಾಣಿ ಹುಡುಕಿ ತಂದು, ಹೆಂಡತಿ ಜೋಡಿ ಮಾಡ್ತಾರಂತ. ಫೋಟೋ ಕಳಸ್ತಾರ. ಪ್ರಶ್ನಾ ಎಲ್ಲಾ ಕಾಕೂಗ: ಮೆಣಸಿನಕಾಯಿ ಎಷ್ಟು, ಶೇಂಗಾ ಸಿಪ್ಪಿ ತಗೀಬೇಕೋ ಬ್ಯಾಡೋ. ನನಗ ಬರೇ ಅನುವಾದದ ಕೆಲಸ. ಮೊನ್ನೆ ಒಂದು ಪ್ರಶ್ನಾ ನನಗ ಅಂತ ಬಂತು. ಖುಷಿಯಿಂದ ಓದಿದೆ. ಮುಂದಿನ ಏಕಾದಶಿ ಯಾವಾಗ ಅಂತ ಕೇಳಿದ್ರು, ಆ ದಿವಸನ ಉಂಡಿ ಮಾಡಿ ನೆರೆಮನಿಯವರನ್ನ ಊಟಕ್ಕ ಕರೀಬೇಕಂತ. ಥ್ಯೂರಿಂಗಿಯಾದಾಗ ಯಾವ ಕಡೆ ಉಂಡಿ ದೊಡ್ಡದು, ಯಾವ ಕಡೆ ಸಣ್ಣದು ಅಂತ ನಿದ್ದಿಗಣ್ಣಾಗ ಹೇಳ್ತೀನಿ ನಾನು. ಇದು ಮಾತ್ರ ಗೊತ್ತಿರಲಿಲ್ಲ. "ಕಾಕೂನ ಕೇಳಿ ಹೇಳ್ತೀನ್ರಿ" ಅಂತ ಬರದು ಕಳಿಸಿದೆ.