ಎಣ್ಣೆ ಮಿಲ್ಲಿನ ಎಂಬಿಎ

ನಲವತ್ಮೂರನೇ ವಯಸ್ಸಿಗೆ ಪಠ್ಯಪುಸ್ತಕ ಹಿಡಿದವನಿಗೆ ನಗೆಪಾಟಲು ತಪ್ಪಿದ್ದಲ್ಲ. ನನಗಂತೂ ಅದು ಎರಡು ವರ್ಷ ವಾರಕ್ಕೊಂದರಂತೆ ಒದಗಿ ಬಂತು. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಹದಿನೆಂಟು ವರ್ಷದಿಂದ ನಾನು ಸೂಪರ್‌ವೈಸರ್. ನಾಲ್ಕು ಶೇಂಗಾ ಬೀಜ ಬಾಯಿಗೆ ಹಾಕಿಕೊಂಡರೆ ಎಣ್ಣೆ ಎಷ್ಟು ಬಿಡುತ್ತದೆ ಎಂದು ಹೇಳಬಲ್ಲೆ. ಒಂದು ದಿನ ಸಾಹುಕಾರರು ಕರೆದು, "ಮ್ಯಾನೇಜರು ಇನ್ನೆರಡು ವರ್ಷಕ್ಕೆ ಬಿಡ್ತಾರೆ. ಆ ಕುರ್ಚಿ ಬೇಕಂದ್ರೆ ಎಂಬಿಎ ಮಾಡ್ಕೊಂಡು ಬಾರಪ್ಪ" ಎಂದರು. ಸುಳ್ಳೇಕೆ ಹೇಳಲಿ, ಆ ಕುರ್ಚಿಯ ಮೇಲೆ ನನಗೆ ವಿಪರೀತ ಆಸೆಯಿತ್ತು. ಮಾರನೇ ವಾರವೇ ದೂರಶಿಕ್ಷಣಕ್ಕೆ ಸೇರಿಬಿಟ್ಟೆ.

ಅವ್ವನ ಸಂದೇಹ

ಅವ್ವ ಕೇಳಿದಳು, "ಅದ್ರಾಗೆ ಏನ್ ಕಲಿಸ್ತಾರಪ್ಪಾ?"

"ಕುಂತಲ್ಲೇ ಕುಂತು ಬೇರೆಯವರ ಕೈಲಿ ಹೆಂಗೆ ಕೆಲ್ಸ ತೆಗೀಬೇಕು ಅಂತ ಕಲಿಸ್ತಾರವ್ವ."

ಅವ್ವ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು. "ಅದಕ್ಕೆ ಎರಡು ವರ್ಷ ಫೀಸು ಯಾಕೆ ಕಟ್ತೀಯೋ? ನಿನ್ನ ಹೆಂಡ್ತಿನ ಕೇಳು, ಒಂದೇ ಬೆಳಿಗ್ಗೇಲಿ ಹೇಳ್ಕೊಡ್ತಾಳೆ."

ಮೊಳಕಾಲ್ಮೂರಿನಲ್ಲಿ ಸರ್ವೆ

ಪ್ರಾಜೆಕ್ಟಿಗೆಂದು ಮೊಳಕಾಲ್ಮೂರಿನ ಒಬ್ಬ ಹಿರಿಯ ನೇಕಾರರ ಮನೆಗೆ ಹೋದೆ. ಕೈಯಲ್ಲಿ ಮೂವತ್ತು ಪ್ರಶ್ನೆಗಳ ಪಟ್ಟಿ. ಅಜ್ಜ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. "ರಾ ನಾಯನಾ, ಕೂರ್ಚೋ" ಎಂದು ತೆಲುಗಿನಲ್ಲಿ ಕರೆದು ಕೂರಿಸಿಕೊಂಡರು. ಕೂತದ್ದೇ ತಡ, ಅಜ್ಜಿ ಬಂದು, "ಸುಮ್ನೆ ಕುಂತಿದೀಯಲ್ಲ, ಎರಡೂ ಕೈ ಚಾಚು" ಎಂದು ರೇಷ್ಮೆ ಲಡಿಯನ್ನು ನನ್ನ ಮುಂಗೈಗಳಿಗೆ ತೊಡಿಸಿ, ರಾಟೆಗೆ ಸುತ್ತತೊಡಗಿದರು. ಪಟ್ಟಿ ತೊಡೆಯ ಮೇಲಿತ್ತು. ಬಗ್ಗಿ ಬಗ್ಗಿ ಓದಿದೆ.

"ಅಜ್ಜಾ, ಮುಂದಿನ ಐದು ವರ್ಷದ ನಿಮ್ಮ ಗುರಿ ಏನು?"

"ಈ ಸೀರೆ ಮುಗೀಬೇಕು."

"ನಿಮ್ಮ ಪೈಪೋಟಿದಾರರು ಯಾರು?"

"ಪಕ್ಕದ ಮನೆಯೋನು. ಅವನ್ನೂ ಕೇಳ್ಕೊಂಡು ಹೋಗು, ಅಲ್ಲಿ ಕಾಫಿ ಚೆನ್ನಾಗಿರ್ತೈತೆ."

"ನಿಮ್ಮ ದೌರ್ಬಲ್ಯ?"

ಅಜ್ಜ ಲಾಳಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರಾದ್ರೂ ಬಂದ್ರೆ 'ಕೂರ್ಚೋ' ಅಂದ್ಬಿಡ್ತೀನಿ, ಅದೇ."

ಸಂಜೆಯ ಹೊತ್ತಿಗೆ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಏಳು ಲಡಿ ಸುತ್ತಿ ಆಗಿತ್ತು. ಹೊರಡುವಾಗ ಅಜ್ಜಿ ಪ್ರೀತಿಯಿಂದಲೇ ಹೇಳಿದರು, "ನಾಳೆಯೂ ಬಾರಪ್ಪ, ಇನ್ನೂ ಪ್ರಶ್ನೆ ಉಳಿದಾವಲ್ಲ!"

ಗೋಡೆಯ ಮೇಲಿನ ಫೋಟೋ

ಕೆಲಸಗಾರರನ್ನು ಹುರಿದುಂಬಿಸಬೇಕು, ತಿಂಗಳಿಗೊಬ್ಬ ಉತ್ತಮ ಕೆಲಸಗಾರನ ಫೋಟೋ ಹಾಕಬೇಕು ಎಂದು ಪುಸ್ತಕದಲ್ಲಿತ್ತು. ನನಗೆ ಬಹಳ ಹಿಡಿಸಿತು. ಮೂಟೆ ಹೊರುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ದೊಡ್ಡಉಳ್ಳಾರ್ತಿಯ ಹಮಾಲಿಯ ಫೋಟೋಗೆ ದೊಡ್ಡ ಕಟ್ಟು ಹಾಕಿಸಿ, ಗುರುವಾರ ಸಂಜೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಅವನು ರಜೆ ಹಾಕಿ ಪರಶುರಾಂಪುರದ ಅಕ್ಕನ ಮನೆಗೆ ಹೋಗಿದ್ದ. ಬಂದು ನೋಡಿ ಹಿಗ್ಗಲಿ ಎಂಬುದು ನನ್ನ ಲೆಕ್ಕಾಚಾರ.

ಮರೆತದ್ದು ಒಂದೇ. ನಮ್ಮ ಮಿಲ್ಲಿನಲ್ಲಿ ಪ್ರತಿ ಶುಕ್ರವಾರ ಪೂಜೆ. ಕಸ ಗುಡಿಸುವಾಕೆ ಯಂತ್ರಕ್ಕೆ, ತಕ್ಕಡಿಗೆ, ಗೋಡೆಯ ಮೇಲಿನ ಎಲ್ಲ ಫೋಟೋಗಳಿಗೆ ಹೂವಿನ ಹಾರ ಹಾಕಿ ಊದುಬತ್ತಿ ಹಚ್ಚುತ್ತಾಳೆ. ಹೊಸ ಫೋಟೋಗೆ ಯಾಕೆ ಮೋಸ ಎಂದು ಅದಕ್ಕೂ ಹಾಕಿದಳು. ಬೆಳಿಗ್ಗೆ ಶೇಂಗಾ ತಂದ ಅವನ ಊರಿನ ರೈತರು ಅದನ್ನು ಕಂಡು, ಚಪ್ಪಲಿ ಬಿಟ್ಟು ಕೈ ಮುಗಿದು, ಯಾರನ್ನೂ ವಿಚಾರಿಸದೆ ಟ್ರ್ಯಾಕ್ಟರ್ ಹತ್ತಿ ಊರಿಗೆ ಹೋದರು.

ಮಧ್ಯಾಹ್ನ ಒಂದು ಟೆಂಪೋ ತುಂಬ ನೆಂಟರು ಬಂದಿಳಿದರು. ಅವನ ಹೆಂಡತಿಯ ಅಳು ಕೇಳಿ ಹೊರಗೆ ಓಡಿಬಂದೆ. ನಾನು "ಬದುಕಿದಾನಮ್ಮಾ, ಒಳ್ಳೆ ಕೆಲ್ಸಗಾರ ಅಂತ ಹಾಕಿದ್ದು!" ಎಂದರೆ, ಸತ್ತಮೇಲೆ ಎಲ್ಲರೂ ಒಳ್ಳೆಯವರೇ ಎಂಬಂತೆ ಜನ ಇನ್ನೂ ಜೋರಾಗಿ ಅತ್ತರು. ಅಷ್ಟರಲ್ಲಿ ಬಸ್ಸಿಳಿದು ಬಂದ ಫೋಟೋದ ಆಸಾಮಿ, ಗುಂಪಿನ ಹಿಂದೆ ನಿಂತು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾ ಪಕ್ಕದವನನ್ನು ಕೇಳಿದ, "ಯಾರಣ್ಣಾ ಹೋದೋರು?"

ಸಾಹುಕಾರರು ಅವತ್ತು ನನಗೆ ಮಾಡಿದ ಮಂಗಳಾರತಿಯಲ್ಲಿ ಕುರ್ಚಿಯ ಆಸೆ ಬಹುತೇಕ ಸುಟ್ಟುಹೋಯಿತು. ಸಾಲದ್ದಕ್ಕೆ, ಮುಂದಿನ ತಿಂಗಳು ಫೋಟೋಗೆ ಹೆದರಿ ಒಬ್ಬ ಹಮಾಲಿಯೂ ಚೆನ್ನಾಗಿ ಕೆಲಸ ಮಾಡಲಿಲ್ಲ.

ಕುರ್ಚಿ

ಕೊನೆಗೂ ಪಾಸಾದೆ. ಅಂಕಪಟ್ಟಿ ಹಿಡಿದು ಸಾಹುಕಾರರ ಮುಂದೆ ನಿಂತೆ. ಅವರು ಅದನ್ನು ಬಿಡಿಸಿಯೂ ನೋಡಲಿಲ್ಲ.

"ನಾಳೆಯಿಂದ ನೀನೇ ಮ್ಯಾನೇಜರು. ಎರಡು ವರ್ಷದ ಹಿಂದೇನೇ ನಿನಗೇ ಅಂತ ಇಟ್ಕೊಂಡಿದ್ದೆ."

ಕಣ್ಣು ತುಂಬಿ ಬಂತು. "ಹಂಗಾದ್ರೆ ಎಂಬಿಎ ಯಾಕ್ರಿ ಮಾಡ್ಸಿದ್ರಿ?"

"ನನ್ ಬಾಮೈದ ಎಂಬಿಎ ಮಾಡ್ಕೊಂಡು ಮನೇಲಿ ಕುಂತಾನೆ. 'ಓದಿದೋನು ನಮ್ ತಮ್ಮ ಇರುವಾಗ ಬೇರೆಯವ್ರು ಯಾಕೆ' ಅಂತ ನಮ್ಮನೆಯಾಕೆ ದಿನಾ ಊಟದ ಹೊತ್ತಿಗೆ ಶುರು ಮಾಡೋಳು. ಈಗ 'ಇವನೂ ಓದಿದೋನೇ ಕಣೇ' ಅಂತೀನಿ. ನೆಮ್ಮದಿಯಾಗಿ ಉಣ್ತೀನಿ."

ಅಂದರೆ, ನಾನು ನಿದ್ದೆಗೆಟ್ಟು ಓದಿದ್ದು ಸಾಹುಕಾರರ ಊಟದ ಸಲುವಾಗಿ. ಹೋಗಲಿ, ಕುರ್ಚಿ ಸಿಕ್ಕಿತಲ್ಲ. ಧೈರ್ಯ ಮಾಡಿ ತಲೆ ಕೆರೆದುಕೊಂಡೆ. "ಸಾಹುಕಾರ್ರೇ, ಸಂಬಳದ್ದು..."

"ಕಂಪನಿ ಖರ್ಚು ಹೆಂಗೆ ಕಡಿಮೆ ಮಾಡ್ಬೇಕು ಅಂತ ಒಂದು ಪಾಠ ಇರ್ತೈತಂತಲ್ಲ?"

"ಐತ್ರಿ" ಎಂದೆ ಹುರುಪಿನಿಂದ. "ಅದ್ರಾಗೇ ನನಗೆ ಹೆಚ್ಚು ಅಂಕ."

"ಭೇಷ್! ಹಂಗಾದ್ರೆ ನಿನ್ನ ಸಂಬಳದಿಂದ್ಲೇ ಶುರು ಮಾಡು."